ಹತ್ತೊಂಬತ್ತು ದಿನ ಬಿಸಿಲು ಕಾದ ದೋಣಿ ಎಂಜಿನ್

ಗುಬ್ಬಿ, ೧೨-೩-೨೦೦೩

ಮಾನ್ಯ ಕಾರ್ಯದರ್ಶಿ ವೆಂಕಟರಂಗಯ್ಯನವರೇ,

ಗುಬ್ಬಿ ಪೇಟೆಯಲ್ಲಿ ಇಪ್ಪತ್ತು ವರ್ಷದಿಂದ ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿರುವ ಖುರ್ಷಿದ್ ಪಾಷಾ ಎಂಬ ನಾನು, ಕೆರೆಯ ದೋಣಿವಿಹಾರ ಸಮಿತಿಯನ್ನು ನಡೆಸುತ್ತಿರುವ ತಮ್ಮ ಕ್ಷೇಮವನ್ನು ಕೋರಿ, ತಾವು ದಯಪಾಲಿಸಿದ ನೋಟೀಸಿಗೆ ಊರವರೆಲ್ಲ ಓದುವಂತೆ ಉತ್ತರ ಬರೆಯುತ್ತಿದ್ದೇನೆ.

ಉದ್ಘಾಟನೆಯ ದಿನ ಫೋಟೋದಲ್ಲಿ ಎಲ್ಲರ ಮುಖವೂ ಬರಲೆಂದು ತಾವು ಸಮಿತಿಯ ಹದಿನಾಲ್ಕು ಮಂದಿಯನ್ನೂ ದೋಣಿಯ ಒಂದೇ ಪಕ್ಕಕ್ಕೆ ಕರೆದಿರಿ. ಫೋಟೋ ಚೆನ್ನಾಗಿ ಬಂತು, ದೋಣಿ ಮುಳುಗಿತು. ಸೊಂಟಮಟ್ಟದ ನೀರಾದ್ದರಿಂದ ಎಲ್ಲರೂ ನಡೆದೇ ದಡ ಸೇರಿದಿರಿ. ದೋಣಿಯ ಹಿಂಬದಿಗೆ ನಾನೇ ಕಟ್ಟಿಕೊಟ್ಟಿದ್ದ ಎರಡು ಪೆಟ್ರೋಲ್ ಎಂಜಿನ್‌ಗಳಿಗೆ ನಡೆಯಲು ಬಾರದ ಕಾರಣ, ಕಾವಲುಗಾರ ಕಾಳಯ್ಯನವರೂ ನಾನೂ ಹಗ್ಗ ಹಾಕಿ ಎಳೆದೆವು.

ಎಂಜಿನ್ ನೀರಿನಲ್ಲಿರುವಾಗ ಅಷ್ಟು ಕೆಡುವುದಿಲ್ಲ, ಮೇಲೆ ಬಂದು ಗಾಳಿ ತಾಕಿದ ಮೇಲೆ ತುಕ್ಕು ಹಿಡಿಯುತ್ತದೆ, ಸಂಜೆಯೊಳಗೆ ಪ್ಲಗ್ ಬಿಚ್ಚಿ ನೀರು ಬಸಿದು ಆಯಿಲ್ ಬಿಡಬೇಕು ಎಂದು ನಾನು ಬೇಡಿಕೊಂಡೆ. ತಾವು ಒದ್ದೆ ಪಂಚೆ ಹಿಂಡುತ್ತ, "ಮಹಜರ್ ಆಗೋಗಂಟ ಯಾರೂ ಮುಟ್ಟಂಗಿಲ್ಲ ಕಣಯ್ಯ, ಬಿಸ್ಲಲ್ಲಿ ಒಣಗ್ಲಿ ಬುಡು" ಎಂದು ಅಪ್ಪಣೆ ಕೊಡಿಸಿದಿರಿ. ಪಂಚೆಯನ್ನೂ ಎಂಜಿನ್ನನ್ನೂ ಒಂದೇ ಎಂದು ಕಾಣುವ ತಮ್ಮ ಸಮದೃಷ್ಟಿ ದೊಡ್ಡದು.

ಎರಡನೆಯ ಎಂಜಿನ್ ದಾನವಾಗಿ ಬಂದದ್ದು; ಇನ್ನೂ ರಿಜಿಸ್ಟರಿಗೆ ಏರಿರಲಿಲ್ಲವಾದ್ದರಿಂದ ಅದು ಮುಳುಗಿದ್ದೂ ತಮ್ಮ ಗಮನಕ್ಕೆ ಬರಲಿಲ್ಲ. "ಇದನ್ನಾದ್ರೂ ಉಳುಸ್ಕೊಳಿ ಸಾಬ್ರೆ" ಎಂದು ಕಾಳಯ್ಯನವರು ಅದನ್ನು ನನ್ನ ಮೊಪೆಡ್ ಮೇಲೆ ಹೇರಿದರು. ಗಾಳಿ ತಾಕದಿರಲೆಂದು ಮನೆಯ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿದೆ. ನಲ್ಲಿಯಲ್ಲಿ ನಾಲ್ಕು ದಿನಕ್ಕೊಮ್ಮೆ ನೀರು ಬರುವ ಊರಿದು. ನನ್ನ ಹೆಂಡತಿ ಮುನವ್ವರಾ, ಬೀದಿಗೂ ತಿಳಿಯಲೆಂದು ಕನ್ನಡದಲ್ಲೇ, "ಇನ್ ನಾಲ್ಕ್ ದಿನ ನಾವು ಪೆಟ್ರೋಲ್ ಕುಡಿಯೋದಾ?" ಎಂದು ಕೇಳಿದಳು, ಬೈಯುತ್ತಲೇ ಸ್ಪ್ಯಾನರ್ ಎತ್ತಿ ಕೊಟ್ಟಳು. ಡ್ರಮ್ಮಿನಿಂದ ಎತ್ತಿ, ನೀರು ಬಸಿದು, ಆಯಿಲ್ ಬಿಟ್ಟು, ಸಂಜೆ ಐದಕ್ಕೆ ಹನ್ನೊಂದನೇ ಸಲ ಸ್ಟಾರ್ಟರ್ ಹಗ್ಗ ಎಳೆದಾಗ ಅದು ಕೆಮ್ಮಿ ಸ್ಟಾರ್ಟಾಯಿತು. ಆಗ ನನ್ನ ಕಣ್ಣು ತುಂಬಿದ್ದು ಹೊಗೆಯಿಂದಲೇ ಎಂದು ತಾವು ದಾಖಲಿಸಿಕೊಳ್ಳಬಹುದು.

ರಿಜಿಸ್ಟರಿನಲ್ಲಿದ್ದ ಎಂಜಿನ್ ಮಾತ್ರ, ಮಹಜರಿನವರು ಬರುವವರೆಗೆಂದು ತಾವು ಹಾಕಿಸಿದ ಅರಗಿನ ಸೀಲು ಹೊತ್ತು ಹತ್ತೊಂಬತ್ತು ದಿನ ಬಿಸಿಲು ಕಾದು, ಒಳಗೇ ಬಿಗಿದುಕೊಂಡು ಕೂತಿದೆ. ಅದಕ್ಕೆ ನನ್ನ ನಿರ್ಲಕ್ಷ್ಯವೇ ಕಾರಣವೆಂದು ತಾವು ನೋಟೀಸು ಕೊಟ್ಟು, ಕೆರೆಯ ಬೋರ್ಡಿನ ಮೇಲೂ ನನ್ನ ಹೆಸರು ಬರೆಸಿದ್ದೀರಿ. ಬೆಳ್ಳಾವಿಯ ರೈತರು ಈಗ ನನಗೆ ರಿಪೇರಿಗೆ ಮೋಟಾರು ಕೊಡಲು ಹಿಂದೆಮುಂದೆ ನೋಡುತ್ತಿದ್ದಾರೆ. ನಾನು ಮುಟ್ಟಿದ್ದು ಓಡುತ್ತಿದೆ, ಮುಟ್ಟಬೇಡವೆಂದದ್ದು ಕೆಟ್ಟಿದೆ; ದೂರದಿಂದಲೇ ಎಂಜಿನ್ ಕೆಡಿಸುವ ವಿದ್ಯೆ ನನ್ನಲ್ಲಿದೆ ಎಂದು ಗುರುತಿಸಿದವರು ತಾವೊಬ್ಬರೇ.

ಆದಕಾರಣ ಬೋರ್ಡಿನಿಂದ ನನ್ನ ಹೆಸರನ್ನು ಅಳಿಸಬೇಕೆಂದೂ, ಇನ್ನು ಮುಂದೆ ದೋಣಿಗಳು ಮೂರು ದಿನ ಮುಂಚೆ ಅರ್ಜಿ ಕೊಟ್ಟು, ಮಹಜರಿನವರು ಊರಲ್ಲಿರುವ ದಿನವೇ ಮುಳುಗತಕ್ಕದ್ದೆಂದು ಆದೇಶಿಸಬೇಕೆಂದೂ, ಅಪ್ಪಣೆಯಿಲ್ಲದೆ ಸೀಲಿನೊಳಗೆ ನುಗ್ಗಿದ ತುಕ್ಕಿಗೂ ಒಂದು ನೋಟೀಸು ಕಳಿಸಬೇಕೆಂದೂ ಬಿನ್ನಹ.

ತಮ್ಮ ನೋಟೀಸಿಗೆ ಪಾತ್ರನಾದ ವಿಶ್ವಾಸಿ,
ಖುರ್ಷಿದ್ ಪಾಷಾ

ಮರೆತ ಮಾತು: ರಿಪೇರಿಯಾದ ಎಂಜಿನ್ನನ್ನು ಕಾಳಯ್ಯನವರಿಗೆ ಒಪ್ಪಿಸಿದ್ದೇನೆ. ನಿನ್ನೆ, ಮೇಲೆತ್ತಿದ ದೋಣಿಗೆ ಅದನ್ನೇ ಕಟ್ಟಿಸಿ, ಅದರಲ್ಲಿ ನಿಂತು ತಾವು ಭಾಷಣ ಮಾಡಿದಿರಂತೆ. ಎಂಜಿನ್ ಸದ್ದಿಗೆ ಒಂದು ಮಾತೂ ದಡಕ್ಕೆ ಕೇಳಿಸಲಿಲ್ಲವಾದ್ದರಿಂದ, ಬೆಳಿಗ್ಗೆಯಿಂದ ಊರವರು ಅಂಗಡಿಗೆ ಬಂದು ನನ್ನ ಕೈ ಕುಲುಕಿ ಹೋಗುತ್ತಿದ್ದಾರೆ.