ಸಿಗರೇಟಿಗೂ ಒಂದು ಚಕ್ಕುಲಿ ಹರಕೆ

ಸಿಗರೇಟು ಬಿಡುವುದು ಹೇಗೆ ಎಂದು ತಿಳಿಯಬೇಕಿದ್ದರೆ ಕಾವೂರಿಗೆ ಬಂದು ನನ್ನ ಸೋದರಮಾವನನ್ನು ಕೇಳಿ. ಹೇಗೆ ಹೇಗೆಲ್ಲ ಬಿಡಲಿಕ್ಕೆ ಆಗುವುದಿಲ್ಲ ಎಂಬುದು ಅವರಷ್ಟು ಚೆನ್ನಾಗಿ ಗೊತ್ತಿರುವವರು ಇಡೀ ಮಂಗಳೂರಿನಲ್ಲಿಲ್ಲ!

ತಪ್ಪು ಅವರದ್ದಲ್ಲವಂತೆ, ಕೆಲಸದ್ದಂತೆ. ಪಣಂಬೂರಿನ ಬಂದರಿನಲ್ಲಿ ಕೆಲಸ. ಗೇಟಿನೊಳಗೆ ಬೆಂಕಿಪೊಟ್ಟಣ ಒಯ್ಯುವಂತಿಲ್ಲ. ಹಾಗಾಗಿ ಇಡೀ ದಿನದ್ದನ್ನು ಮನೆಗೆ ಬಂದು, ಅತ್ತೆಯ ಪಕ್ಕ ಕೂತು, ಟೀವಿ ನೋಡುತ್ತಾ ಸೇದಿ ಮುಗಿಸುವುದು. ರಿಟೈರ್ ಆದ ಮೇಲೂ ಅದೇ ಜಾಗ, ಅದೇ ಹೊಗೆ. ಅತ್ತೆಗೆ ಕೆಮ್ಮು ಶುರುವಾಗಿ, ಮೆಟ್ಟಿಲು ಹತ್ತಿದರೆ ಉಬ್ಬಸ ಬರತೊಡಗಿತು. "ನೀವಿದನ್ನು ಬಿಡದಿದ್ದರೆ ನಾನು ತಂಗಿಯ ಮನೆಗೆ ಹೋಗ್ತೇನೆ" ಎಂದರು. ಮಾವ ಹೆದರಿದರು. ಅತ್ತೆಯ ಕೈಯ ಬಂಗುಡೆ ಮೀನಿನ ಪುಳಿಮುಂಚಿ ಸಾರು ಬಿಟ್ಟು ಬದುಕುವುದುಂಟೇ!

ಮೊದಲು ಏಲಕ್ಕಿ ಜಗಿದರು. ಸಿಗರೇಟಿನ ಮೇಲೊಂದು ಏಲಕ್ಕಿ ಎಂದು ಅಭ್ಯಾಸವಾಗಿ, ಮನೆಯಲ್ಲಿ ಪಾಯಸಕ್ಕೆ ಏಲಕ್ಕಿ ಉಳಿಯಲಿಲ್ಲ. ಆಮೇಲೆ ಕೆರೆಯ ಸುತ್ತ ಬೆಳಗ್ಗಿನ ವಾಕಿಂಗ್. ನಾನು ಹೋಗಿ ನೋಡಿದರೆ ದಂಡೆಯಲ್ಲಿ ನಾಲ್ಕೈದು ಜನ ಗುಂಪು ಕೂಡಿ ಸೇದುತ್ತಿದ್ದಾರೆ, ಮಧ್ಯದಲ್ಲಿ ಮಾವ!

"ಎಲ್ಲರೂ ಬಿಡುವವರೇ ಮಾರಾಯ. ಒಬ್ಬೊಬ್ಬರೇ ಬಿಡಲಿಕ್ಕೆ ಬೇಜಾರು" ಎಂದರು ನನಗೆ.

ಕೊನೆಗೆ ಅತ್ತೆ ಪ್ಯಾಕನ್ನೇ ಅಡಗಿಸಿಟ್ಟರು. ಕಳೆದುಹೋದದ್ದು ಸಿಗಲಿ ಎಂದು ನಮ್ಮಲ್ಲಿ ಕೊರಗಜ್ಜ ದೈವಕ್ಕೆ ಚಕ್ಕುಲಿ ಹರಕೆ ಹೇಳಿಕೊಳ್ಳುವ ಕ್ರಮ ಉಂಟು. ಬಳೆಗೆ ಹೇಳಿಕೊಂಡವರನ್ನು ಕಂಡಿದ್ದೇನೆ, ದನಕ್ಕೆ ಹೇಳಿಕೊಂಡವರನ್ನೂ ಕಂಡಿದ್ದೇನೆ. ಮಾವ ಸಿಗರೇಟಿಗೆ ಹೇಳಿಕೊಂಡರು! ಅಕ್ಕಿ ಡಬ್ಬಕ್ಕೆ ಕೈ ಹಾಕಿದರೆ ಪ್ಯಾಕು ಸಿಕ್ಕಿಯೇಬಿಟ್ಟಿತು. ಅಂಗಡಿಯಿಂದ ಚಕ್ಕುಲಿ ಕಟ್ಟಿಸಿಕೊಂಡು ಬಂದವರನ್ನು ಅತ್ತೆ ಬಾಗಿಲಲ್ಲೇ ಹಿಡಿದರು.

"ಎಂತ ಅದು?"

"ಅಜ್ಜನಿಗೆ ಚಕ್ಕುಲಿ."

"ನಾನೂ ಹೇಳಿಕೊಂಡಿದ್ದೇನೆ. ನೀವು ಸಿಗರೇಟು ಬಿಟ್ಟರೆ ಕೊಡ್ತೇನೆ ಅಂತ."

"ಛೆ! ಅಜ್ಜನನ್ನು ಎಂಥ ಪೇಚಿಗೆ ಸಿಕ್ಕಿಸಿದೆ ಮಾರಾಯ್ತಿ!"

ಅಷ್ಟರಲ್ಲಿ ಅತ್ತೆಯ ಕೆಮ್ಮು ಜೋರಾಯಿತು. ಅತ್ತಾವರದ ಆಸ್ಪತ್ರೆಗೆ ಇಬ್ಬರನ್ನೂ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಚಿಕ್ಕ ಪ್ರಾಯದ ಡಾಕ್ಟರಮ್ಮ ಎಕ್ಸ್‌ರೇ ನೋಡಿದರು, ಅತ್ತೆಯ ಹತ್ತಿರ ಕೊಳವೆ ಊದಿಸಿ ನೋಡಿದರು, ಆಮೇಲೆ ಅತ್ತೆಯನ್ನೇ ಕೇಳಿದರು, "ಎಷ್ಟು ವರ್ಷದಿಂದ ಸಿಗರೇಟು ಸೇದ್ತಾ ಇದ್ದೀರಿ ಅಮ್ಮ?"

ನನಗೆ ನಗು ಬಂತು. ಅತ್ತೆ ನಗಲಿಲ್ಲ.

"ಮದುವೆ ಆದಾಗಿನಿಂದ" ಎಂದರು.

ವಾಪಸು ಬರುವಾಗ ಮಾವ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ಆವತ್ತಿನಿಂದ ಸಿಗರೇಟು ಮುಟ್ಟಿಲ್ಲ. ಬಿಟ್ಟೆ ಎಂದು ಯಾರ ಹತ್ತಿರವೂ ಹೇಳಿಕೊಂಡಿಲ್ಲ, ಅದೂ ನಮ್ಮ ಮಾವ!

ಮೊನ್ನೆ ಭಾನುವಾರ ಹೋಗಿದ್ದೆ. ಮಾತಿನ ಮಧ್ಯೆ ಅತ್ತೆಗೆ ಕೆಮ್ಮು ಬಂತು. ಕೂಡಲೇ ಮಾವ ಎದ್ದು ಜಗಲಿಗೆ ಹೋಗಿ ನಿಂತರು, ಬರಿಗೈಯಲ್ಲಿ.

"ನೀವೆಂತಕ್ಕೆ ಹೊರಗೆ ಹೋಗುವುದು? ಈಗ ಹೊಗೆ ಇಲ್ಲವಲ್ಲ. ಬನ್ನಿ, ಇಲ್ಲಿ ಕೂತುಕೊಳ್ಳಿ" ಎಂದರು ಅತ್ತೆ.

ಮಾವ ಬಂದು ಪಕ್ಕದಲ್ಲಿ ಕೂತು ಅತ್ತೆಯ ಬೆನ್ನು ನೀವತೊಡಗಿದರು. "ನಿನಗೆ ಹೀಗೆ ಮಾಡಿದ್ದು ನಾನೇ ಅಲ್ವಾ" ಎಂದರು, ತಗ್ಗಿದ ದನಿಯಲ್ಲಿ. ಅತ್ತೆ ಅವರ ಇನ್ನೊಂದು ಕೈಯನ್ನು ಎಳೆದು ಮಡಿಲಲ್ಲಿಟ್ಟುಕೊಂಡರು, ಕೆಮ್ಮು ನಿಂತ ಮೇಲೂ ಬಿಡಲಿಲ್ಲ.