ಕುರುಗೋಡಿನ ಏರಿಗೆ ದೊಡ್ಡ ಟರ್ಬೊ

ಲಾರಿ ರಿಪೇರಿ ಮಾಡುವವನ ಶೆಡ್ಡಿಗೆ ಲಾರಿಯೊಂದೇ ಬರುವುದಿಲ್ಲ, ಅದರ ಹಿಂದೆ ಒಂದು ಸಂಸಾರವೂ ಬರುತ್ತದೆ. ಹೀಗಾಗಿ ನಮ್ಮಲ್ಲಿ ನಗುವ ಪ್ರಸಂಗಗಳಿಗೆ ಬರವಿಲ್ಲ. ಬಳ್ಳಾರಿಯ ಸಿರುಗುಪ್ಪ ರಸ್ತೆಯಲ್ಲಿ ನನ್ನದೊಂದು ಶೆಡ್ಡು. ಟರ್ಬೊ ಕೆಲಸ ಅಂದರೆ ಜನ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆಯವರು ಹೇಳಲಿ ಅಂತ ಎಷ್ಟು ದಿನ ಕಾಯುವುದು? ಸಿರುಗುಪ್ಪದ ಯಜಮಾನರೊಬ್ಬರು ತಮ್ಮ ಹಳೇ ಭತ್ತದ ಲಾರಿ ತಂದು ನಿಲ್ಲಿಸಿದ ಆ ಒಂದು ತಿಂಗಳು ಮಾತ್ರ ನಾನು ಸಾಯೋತನಕ ಮರೆಯುವುದಿಲ್ಲ.

೧. ಒಂದೇ ಸಾಮಾನು ಸಾಕು

"ಮಿಸ್ತ್ರಿ, ಇರೋದ್ರಾಗ ಭಾಳ ದೊಡ್ಡ ಟರ್ಬೊ ಹಾಕ್ರಿ!" ಲಾರಿಯಿಂದ ಇಳಿಯುವ ಮೊದಲೇ ಕೂಗಿದರು.

"ಯಾಕ್ರಿ, ಇದ್ದದ್ದಕ್ಕ ಏನಾಗೈತಿ?"

"ಕುರುಗೋಡಿನ ಏರು ಹತ್ತವಲ್ದು. ಮನಿಯಾಕಿ ರೇಷ್ಮಿ ಸೀರಿ ಉಟ್ಕೊಂಡು ಕುಂತಿದ್ಲು. ನಡು ಏರಿನಾಗ ನಿಂತು ಹೋತು. ಇಳಿದು ಗಾಲಿಗೆ ಕಲ್ಲು ಕೊಟ್ಟಾಕಿ ಆಕಿನಾ. ಅಲ್ಲೇ ನಿಂತು ಹೇಳಿಬಿಟ್ಲು, ಇನ್ನೊಂದು ಸಲ ನಿಂತ್ರ ಸೀದಾ ಗುಜರಿಗೆ ಅಂತ."

ಮುಂದಿನ ತಿಂಗಳು ಕುರುಗೋಡಿನಲ್ಲಿ ಆ ತಾಯಿಯ, ಅಂದರೆ ಯಜಮಾನರ ಹೆಂಡತಿಯ, ಅಕ್ಕನ ಮನೆಯ ಓಪನಿಂಗ್, ಗೃಹಪ್ರವೇಶ. ಆಕೆಯ ಷರತ್ತಿನಂತೆ ಅವತ್ತು ಪೂರಾ ಲೋಡ್ ಭತ್ತ ಹಾಕಿಕೊಂಡು, ಅದೇ ಏರಿನಲ್ಲಿ, ಆಕೆಯನ್ನು ಕೂರಿಸಿಕೊಂಡು ಹೋಗಬೇಕು. ಹತ್ತಿದರೆ ಲಾರಿ ಉಳಿಯಿತು, ನಿಂತರೆ ಲಾರಿ ಹೋಯಿತು. "ಹದಿನೈದು ವರ್ಷ ನನಗ ಅನ್ನ ಹಾಕಿದ ಗಾಡಿ ಮಿಸ್ತ್ರಿ" ಅಂತ ಬಾನೆಟ್ ಸವರಿದರು. ನಾನು ಸ್ಟೂಲು ಎಳೆದು ಕೊಟ್ಟೆ.

ಕೂರಿಸಿ ತಿಳಿಸಿ ಹೇಳಿದೆ. ದೊಡ್ಡ ಟರ್ಬೊ ಅಂದರೆ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ. ಹೆಚ್ಚು ಗಾಳಿಗೆ ಹೆಚ್ಚು ಡೀಸೆಲ್ ಬೇಕು, ಪಂಪು ಸೆಟ್ ಮಾಡಬೇಕು. ಒತ್ತಿದ ಗಾಳಿ ಕಾಯುತ್ತದೆ, ತಣ್ಣಗೆ ಮಾಡಲು ಮುಂದೆ ದೊಡ್ಡ ಇಂಟರ್‌ಕೂಲರ್ ಬೇಕು. ಏರ್ ಫಿಲ್ಟರ್ ದೊಡ್ಡದು, ಸೈಲೆನ್ಸರ್ ಪೈಪ್ ಅಗಲದ್ದು, ಆ ಜೋರು ತಡೆಯಲು ಗಟ್ಟಿ ಕ್ಲಚ್ಚು, ಮೇಲೆ ಬ್ರೇಕು.

ಯಜಮಾನರು ಬೆರಳು ಮಡಚುತ್ತಾ ಹೋಗಿ, ಒಂದು ಕೈಯ ಬೆರಳೆಲ್ಲಾ ಮುಗಿದು ಇನ್ನೊಂದು ಕೈಗೆ ಬಂದಾಗ ಗಾಬರಿಯಾದರು.

"ನಾ ಬರೀ ತಾಳಿ ತಗೊಳಾಕ ಬಂದ್ರ ನೀವು ಮದಿವಿನಾ ಮಾಡಾಕ ನಿಂತ್ರೆಲ್ರಿ!"

"ಇಷ್ಟೂ ಮಾಡಲಿಲ್ಲ ಅಂದ್ರ ಇಂಜಿನ್ ಒಡೀತೈತ್ರಿ."

ಕೊನೆಗೆ ಒಪ್ಪಿದರು. "ಎಲ್ಲಾ ಹಾಕ್ರಿ. ಬ್ರೇಕು ಒಂದು ಬ್ಯಾಡ. ಹತ್ತೋದು ನೀವು ಕಲಿಸ್ರಿ, ನಿಲ್ಲೋದು ಅದಕ್ಕ ಮೊದಲಿಂದಾನೂ ಚಲೋ ಬರ್ತೈತಿ!"

೨. ಹದಿನೆಂಟು ಬಂತು!

ಬ್ರೇಕನ್ನೂ ಹಾಕಿದೆ, ಅವರಿಗೆ ಹೇಳದೆ. ಜೊತೆಗೆ ಡ್ಯಾಶ್‌ಬೋರ್ಡಿನಲ್ಲಿ ಟರ್ಬೊ ಗಾಳಿಯ ಒತ್ತಡ ತೋರಿಸುವ ಸಣ್ಣ ಮೀಟರ್ ಕೂರಿಸಿದೆ. ಅದೇ ನಾನು ಮಾಡಿದ ತಪ್ಪು.

ಟ್ರಯಲ್‌ಗೆ ಅಂತ ಇಬ್ಬರೂ ಹಲಕುಂದಿ ಕಡೆ ಹೊರಟೆವು. ಕಾಲು ಒತ್ತಿದರು ನೋಡಿ, ಉಯ್ಯ್ ಅಂತ ಸಿಳ್ಳೆ! ನನ್ನ ಕೈ ಮೇಲಿನ ಕೂದಲು ನಿಂತವು. ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ, ಆ ಸಿಳ್ಳೆ ಕೇಳಿದರೆ ಇವತ್ತಿಗೂ ಎದೆ ಕುಣಿಯುತ್ತದೆ. ಯಜಮಾನರಂತೂ ರಸ್ತೆ ಬಿಟ್ಟು ಮೀಟರೇ ನೋಡುತ್ತಿದ್ದರು.

"ಹನ್ನೆರಡು! ಹದಿನೈದು! ಮಿಸ್ತ್ರಿ, ಹದಿನೆಂಟು!"

"ರಸ್ತಿ ನೋಡ್ರಿ ಯಜಮಾನ್ರ! ಮುಂದ ಕುರಿ!"

ಗಕ್ಕನೆ ನಿಲ್ಲಿಸಿದರು. ಹೊಸ ಬ್ರೇಕು ಇಲ್ಲದಿದ್ದರೆ ಅವತ್ತು ಸಂಜೆ ಮಟನ್ ಊಟವೇ. ಕುರಿಗಳು ನಿಧಾನಕ್ಕೆ ದಾಟುತ್ತಿದ್ದವು. ಯಜಮಾನರಿಗೆ ಖುಷಿ ತಡೆಯಲಾಗಲಿಲ್ಲ. ಯಾರಿಗಾದರೂ ಹೇಳಲೇಬೇಕು. ಕಿಟಕಿಯಿಂದ ತಲೆ ಹೊರಗೆ ಹಾಕಿ ಕುರಿ ಕಾಯುವ ತಾತನಿಗೆ ಕೂಗಿದರು: "ಹದಿನೆಂಟು ಬಂತಪಾ, ಹದಿನೆಂಟು!"

ತಾತ ಲಾರಿ ನೋಡಿದ, ಮುಂದಿದ್ದ ಟಗರು ನೋಡಿದ, ತಲೆ ಅಲ್ಲಾಡಿಸಿದ.

"ಹದಿನೆಂಟು ಸಾವಿರಕ್ಕ ಯಾವಾನೂ ಕೊಡಂಗಿಲ್ಲ. ಇಪ್ಪತ್ತು ಅಂದ್ರ ಇಳೀರಿ ಕೆಳಗ!"

೩. ಊರಿಗೆ ಹೋದರೆ ಜ್ವರ

ಆಮೇಲೆ ಶುರುವಾಯಿತು ನನ್ನ ಗ್ರಹಚಾರ. ಶೆಡ್ಡಿನಿಂದ ಹುಲಿಯಂತೆ ಹೋದ ಲಾರಿ ಸಿರುಗುಪ್ಪದಿಂದ ವಾಪಸ್ಸು ಬರುವಾಗ ಕೆಮ್ಮುತ್ತಾ ಬರುತ್ತಿತ್ತು. ಕಪ್ಪು ಹೊಗೆ, ಇಂಜಿನ್ ಕುದಿಯುತ್ತಿದೆ, ಎಳೆತ ಇಲ್ಲ. ಬಿಚ್ಚಿ ನೋಡಿದರೆ ಏನೂ ಇಲ್ಲ! ಓಡಿಸಿದರೆ ಬೆಣ್ಣೆ! ಕಳಿಸಿದರೆ ಮತ್ತೆ ಜ್ವರ! ಮೂರು ಸಲ ಹೀಗೇ ಆಯಿತು. ಓಪನಿಂಗಿಗೆ ನಾಲ್ಕೇ ದಿನ ಉಳಿದಿತ್ತು. ಸತ್ಯನಾರಾಯಣಪೇಟೆಯ ನನ್ನ ಮನೆಯಲ್ಲಿ ಊಟಕ್ಕೆ ಕೂತರೂ ತಟ್ಟೆಯಲ್ಲಿ ಪೈಪೇ ಕಾಣುತ್ತಿತ್ತು. ಮನೆಯವಳು, "ಆ ಲಾರಿನಾ ಕಟ್ಕೊಳ್ಳಬೇಕಿತ್ತು ನೀವು" ಅಂದಳು.

ಸಿಟ್ಟಿನಿಂದ ನಾನೇ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋದೆ. ಅವರ ಮನೆ ಮುಂದೆ ಲಾರಿ ನೋಡಿ ಅಲ್ಲೇ ತಲೆ ಮೇಲೆ ಕೈ ಹೊತ್ತು ಕೂತೆ.

ಲಾರಿಗೆ ಮುಖವೇ ಇರಲಿಲ್ಲ! ಮೊರದಗಲದ ರಾಕ್ಷಸನ ಮುಖ, ಅದರ ಕೆಳಗೆ ಒಂದು ಬೂದುಗುಂಬಳ, ಎರಡು ಸಾಲು ನಿಂಬೆಹಣ್ಣು ಮೆಣಸಿನಕಾಯಿ, ಕರೇ ಕಂಬಳಿಯ ಪಟ್ಟಿ, ಮೇಲೆ ಮೊಳ ದಪ್ಪದ ಚೆಂಡುಹೂವಿನ ಹಾರ. ನಾನು ಗಾಳಿ ಬೀಸಲಿ ಅಂತ ಅಷ್ಟು ಕಷ್ಟಪಟ್ಟು ಮುಂದೆ ಕೂರಿಸಿದ ಇಂಟರ್‌ಕೂಲರ್ ಇಷ್ಟರ ಹಿಂದೆ ಉಸಿರು ಕಟ್ಟಿ ಕೂತಿತ್ತು.

"ಏನ್ರಿ ಇದು ಯಜಮಾನ್ರ?"

"ಊರೆಲ್ಲಾ ಗಾಡಿ ಹೊಗಳಾಕ ಹತ್ತೈತ್ರಿ. ದೃಷ್ಟಿ ಆಗಬಾರದಲ್ಲ!"

"ಮತ್ತ ಶೆಡ್ಡಿಗೆ ಬರುವಾಗ ಇವು ಇರಲಿಲ್ಲಲ್ರಿ?"

"ನಿಮ್ಮ ಶೆಡ್ಡು ಹತ್ರ ಬಂದ ಕೂಡ್ಲೇ ಬಿಚ್ಚಿ ಸೀಟಿನ ಕೆಳಗ ಇಡ್ತೀನಿ. ನಿಮ್ಮ ಗ್ರೀಸ್ ಕೈ ದೇವ್ರ ಹೂವಿಗೆ ತಾಗಬಾರದಂತ."

ಎಲ್ಲಾ ಬಿಚ್ಚಿರಿ ಅಂದೆ. ಬಿಲ್‌ಕುಲ್ ಆಗಲ್ಲ ಅಂದರು. ಒಂದು ಗಂಟೆ ಜಗಳದ ನಂತರ ರಾಜಿಯಾಯಿತು: ಎಲ್ಲವನ್ನೂ ಲಾರಿಯ ಹಿಂದಕ್ಕೆ ಕಟ್ಟುವುದು. ಕಟ್ಟುತ್ತಾ ಕಟ್ಟುತ್ತಾ ಅವರ ಮುಖ ಅರಳಿತು.

"ಖರೇನ ಐತ್ರಿ ಮಿಸ್ತ್ರಿ. ಇಲ್ಲೀತನಕ ಎಲ್ಲರೂ ನಮ್ಮ ಮುಂದ ಹೋಗ್ತಿದ್ರು, ಅದಕ್ಕ ಮುಂದ ಕಟ್ಟಿದ್ದೆ. ಇನ್ಮ್ಯಾಲ ಹಿಂದ ಬರ್ತಾರಲ್ಲ!"

೪. ಅಕ್ಕನ ಮನೆ ಓಪನಿಂಗ್

ಆ ದಿನ ಬಂದೇಬಿಟ್ಟಿತು. ಕ್ಯಾಬಿನ್ನಿನಲ್ಲಿ ಯಜಮಾನರು, ನಡುವೆ ನಾನು, ಕಿಟಕಿ ಕಡೆ ಆ ತಾಯಿ. ಮೈಮೇಲೆ ಹಸಿರು ರೇಷ್ಮೆ ಸೀರೆ, ಮಡಿಲಲ್ಲಿ ಒಂದು ಕಲ್ಲು. ಹೌದು, ಗಾಲಿಗೆ ಕೊಡುವ ಕಲ್ಲು!

"ಅಕ್ಕಾರ, ಕಲ್ಲು ಯಾಕ್ರಿ?" ಅಂದೆ.

"ಹೋದ ಸಲ ಹುಡುಕೋದ್ರಾಗ ಸಾಕಾತು. ಈ ಸಲ ಮನಿಯಿಂದಾನಾ ತಂದೀನಿ."

ಏರು ಕಾಣಿಸಿತು. ಹಿಂದೆ ಪೂರಾ ಲೋಡ್ ಭತ್ತ. ಯಜಮಾನರು ಮನೆದೇವರನ್ನು ನೆನೆದು ಮೂರನೇ ಗೇರಿಗೆ ಹಾಕಿ ಕಾಲು ಒತ್ತಿದರು. ಸಿಳ್ಳೆ ಎದ್ದಿತು! ಹನ್ನೆರಡು, ಹದಿನಾರು, ಹದಿನೆಂಟು! ಲಾರಿ ಹತ್ತುತ್ತಿದೆ! ಮಣಭಾರದ ಮೂಟೆಗಳನ್ನು ಹೊತ್ತುಕೊಂಡು ಬುಸುಗುಡುತ್ತಾ ಹತ್ತುತ್ತಿದೆ! ಹೋದ ಸಲ ನಿಂತ ಜಾಗ ಬಂತು, ಯಜಮಾನರು ಕಣ್ಣು ಮುಚ್ಚಿದರು. ನಾನು ಅವರ ತೊಡೆ ಚಿವುಟಿದೆ. ಕಣ್ಣು ತೆರೆದಾಗ ಆ ಜಾಗ ಹಿಂದೆ ಹೋಗಿತ್ತು.

ಮುಂದೆ ಒಂದು ಹೊಸ ಲಾರಿ ಏದುಸಿರು ಬಿಡುತ್ತಾ ಹೋಗುತ್ತಿತ್ತು. ಎದುರು ರಸ್ತೆ ಖಾಲಿ. ಆ ತಾಯಿ ಕಲ್ಲನ್ನು ನನ್ನ ಮಡಿಲಿಗೆ ಎಸೆದು ಎದ್ದು ನಿಂತರು. "ನೋಡ್ತೀರೇನ್ರೀ? ತುಳೀರಿ! ಬಾಜೂಕ ಹಾಕ್ರಿ!"

ಹಾಕಿದರು! ಹೊಸ ಲಾರಿಯನ್ನು ದಾಟಿ ತುದಿ ಮುಟ್ಟಿದೆವು. ಯಜಮಾನರ ಕಣ್ಣಲ್ಲಿ ದಳದಳ ನೀರು. ನಾನು ಕಲ್ಲನ್ನೇ ಅಪ್ಪಿಕೊಂಡು ಕೇಕೆ ಹಾಕಿದೆ.

ಲಾರಿ ಉಳಿಯಿತು ಅಂದುಕೊಂಡಿರಾ? ತಡೆಯಿರಿ.

ಆ ತಾಯಿ ಮೊದಲಿನ ಲೆಕ್ಕದಲ್ಲೇ, ದಾರಿಯಲ್ಲಿ ನಿಲ್ಲುವುದಕ್ಕೆ ಅಂತ ಮೂರು ಗಂಟೆ ಮುಂಚೆ ಹೊರಡಿಸಿದ್ದರು. ಲಾರಿ ಎಲ್ಲೂ ನಿಲ್ಲಲಿಲ್ಲ. ಅಕ್ಕನ ಮನೆಗೆ ಹೋದರೆ ಬಾಗಿಲಿಗೆ ತೋರಣವೂ ಕಟ್ಟಿಲ್ಲ, ನೆಂಟರೊಬ್ಬರೂ ಬಂದಿಲ್ಲ. ಅಡುಗೆಗೆ ಹೇಳಿದ್ದ ಇಬ್ಬರು ಹೆಂಗಸರೂ ಕೈ ಕೊಟ್ಟಿದ್ದಾರೆ. ಅಕ್ಕ ಓಡಿ ಬಂದು ತಂಗಿಯನ್ನು ತಬ್ಬಿಕೊಂಡರು.

"ಪ್ರತಿ ಸಲ ಊಟಕ್ಕ ಎಲಿ ಹಾಕಿದ ಮ್ಯಾಲೆ ಬರ್ತಿದ್ದಿ. ಇವತ್ತು ದೇವ್ರು ಬಂದಂಗ ಬಂದಿ ನೋಡವ್ವಾ! ಬಾ ಒಳಗ!"

ಒಳಗೆ ಕರೆದುಕೊಂಡು ಹೋಗಿ ಕೈಗೆ ಲಟ್ಟಣಿಗೆ ಕೊಟ್ಟರು. ಮುನ್ನೂರು ಹೋಳಿಗೆ!

ನಾವಿಬ್ಬರೂ ಹೊಟ್ಟೆ ಬಿರಿಯುವಂತೆ ತಿಂದು ಲಾರಿ ನೆರಳಲ್ಲಿ ಮಲಗಿದೆವು. ಮಧ್ಯಾಹ್ನ ಮೂರಕ್ಕೆ ಆ ತಾಯಿ ಹೊರಗೆ ಬಂದರು. ರೇಷ್ಮೆ ಸೀರೆ ತುಂಬ ಹಿಟ್ಟು, ಹಣೆಯ ಮೇಲೆ ಬೆವರು, ಒಂದು ಕೈ ಸೊಂಟದ ಮೇಲೆ. ಯಜಮಾನರು ಗಡಬಡಿಸಿ ಎದ್ದು ಕೈ ಕಟ್ಟಿ ನಿಂತರು.

"ಏನು... ಗಾಡಿ ಇಟ್ಕೊಳ್ಳೋದಾ, ಗುಜರಿಗೆ ಹಾಕೋದಾ?"

ಆಕೆ ಲಾರಿಯನ್ನು ಮೇಲಿಂದ ಕೆಳಗೆ ನೋಡಿದರು.

"ಇರ್ಲಿ ಬಿಡ್ರಿ. ಏರು ಹತ್ತೈತಿ, ಮಾತಂದ್ರ ಮಾತು."

ಯಜಮಾನರು ನನ್ನನ್ನು ಎತ್ತಿಕೊಂಡೇ ಬಿಟ್ಟರು. ಇಳಿಸುವಷ್ಟರಲ್ಲಿ ಆ ತಾಯಿ ನನ್ನ ಹತ್ತಿರ ಬಂದು, ಗಂಡನಿಗೆ ಕೇಳಿಸದಂತೆ ಮೆಲ್ಲಗೆ ಕೇಳಿದರು:

"ಮಿಸ್ತ್ರಿ, ಮುಂದಿನ ತಿಂಗಳ ನಮ್ಮ ನಾದಿನಿ ಮನ್ಯಾಗ ಮದಿವಿ ಐತಿ. ಆ ಹಳೇ ಟರ್ಬೊ ಇನ್ನೂ ಇಟ್ಟೀರೇನು? ಅದೊಂದು ದಿನದ ಮಟ್ಟಿಗೆ ಹಾಕಿ ಕೊಡ್ರೆಪಾ!"