ಮೇಷ್ಟ್ರ ಮೀನುಬೇಟೆ

ತಮ್ಮಯ್ಯ ಮೇಷ್ಟ್ರ ಸಂಕಟ ಶುರುವಾದದ್ದು ಬೆಳಗ್ಗೆ ಟಿವಿ ಪರದೆಯ ಮೇಲೆ ಮೂಡಿದ ಒಂದು ಅಂಕದಿಂದ. ನೂರಕ್ಕೆ ಮೂವತ್ತೊಂದು. ಗೊರೂರಿನ ಶಾಲೆಯಲ್ಲಿ ಆಯುಷ್ಯವೆಲ್ಲ ಮಾರ್ಕ್ಸ್ ಹಾಕಿ ನಿವೃತ್ತರಾದವರಿಗೆ ಇದು ಫೇಲು ಎಂದು ಬೇರೆ ಯಾರೂ ಹೇಳಬೇಕಿರಲಿಲ್ಲ.

ಮೇಷ್ಟ್ರಿಗೆ ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುತ್ತಿತ್ತು, ನಡೆಯುತ್ತ ನಡೆಯುತ್ತಲೇ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿತ್ತು. ಹಾಸನದ ಫಿಸಿಯೋಥೆರಪಿ ಮೇಡಂ ಮೇಘಶ್ರೀ ಒಂದು ತಿಂಗಳ ಮಟ್ಟಿಗೆ ಆಟದ ಪೆಟ್ಟಿಗೆಯೊಂದನ್ನು ತಂದು ಟಿವಿಗೆ ಜೋಡಿಸಿಕೊಟ್ಟಿದ್ದರು. ಎದುರು ನಿಂತರೆ ಪರದೆಯ ಹೊಳೆಯಿಂದ ಮೀನು ನೆಗೆಯುತ್ತದೆ. ಕಾಲೆತ್ತಿ ಪಕ್ಕಕ್ಕಿಟ್ಟು, ಕೈ ಚಾಚಿ ಹಿಡಿಯಬೇಕು; ಹಿಡಿದಷ್ಟೂ ಅಂಕ. ಅಡುಗೆಮನೆಗೆ ಹೋಗಲೂ ಒಪ್ಪದ ಕಾಲು ಮೊದಲ ದಿನವೇ ಮೀನಿನ ಹಿಂದೆ ತಾನಾಗಿ ಹೆಜ್ಜೆ ಹಾಕಿತ್ತು. ಮೇಷ್ಟ್ರು ಬೆರಗಾಗಿ, ಅದು ಯಾರದೋ ಕಾಲೆಂಬಂತೆ ನೋಡಿದ್ದರು. ಹೆಂಡತಿ ಸುಬ್ಬಮ್ಮ ಅಂದಿನಿಂದ ಪೆಟ್ಟಿಗೆಗೆ ದಿನವೂ ಹೂವಿಡುತ್ತಿದ್ದರು.

ಆ ತಿಂಗಳು ಮುಗಿದು, ಇವತ್ತು ಮಧ್ಯಾಹ್ನ ಮೇಘಶ್ರೀ ಬರುವವರಿದ್ದರು. ದಿನದ ಅತಿ ಹೆಚ್ಚಿನ ಅಂಕ ನೇರವಾಗಿ ಅವರ ಫೋನಿಗೇ ಹೋಗುತ್ತಿತ್ತು.

“ಫೇಲಾದೋನ ಹತ್ರ ಯಾಕೆ ಅಂತ ಪೆಟ್ಗೇನ ಎತ್ಕೊಂಡು ಓಗ್ತಾರೆ ಕಣೇ. ಆಮೇಲೆ ನನ್ ಕಾಲು ಎತ್ತೋರ್ ಯಾರು?”

ಮೇಷ್ಟ್ರು ಹೆಂಡತಿಗೆ ಹೇಳಿದ ಈ ಮಾತು ಪಕ್ಕದ ಮನೆಯ ದ್ಯಾವಯ್ಯನ ಕಿವಿಗೆ ಬಿತ್ತು. ಅವನು ಹೇಮಾವತಿ ಹಿನ್ನೀರಿನಲ್ಲಿ ಬಲೆ ಬೀಸುವವನು, ಒಂದು ಕಾಲದಲ್ಲಿ ಮೇಷ್ಟ್ರ ಕ್ಲಾಸಿನಲ್ಲಿ ಎಲ್ಲ ಪರೀಕ್ಷೆಯಲ್ಲೂ ಫೇಲಾದವನು.

“ಮೀನು ತಾನೇ ಸಾ? ನಾನ್ ಇಡೀತೀನಿ ಬುಡಿ!”

ಕಾಪಿ ಹೊಡೆದವರ ಕಿವಿ ಹಿಂಡಿ ಹಿಂಡಿ ಹೆಸರಾದ ಮೇಷ್ಟ್ರು ಅರೆಗಳಿಗೆ ಹಿಂಜರಿದರು. ಆಮೇಲೆ ತಮ್ಮ ಶಾಲನ್ನು ತೆಗೆದು ದ್ಯಾವಯ್ಯನಿಗೇ ಹೊದಿಸಿದರು. ಪೆಟ್ಟಿಗೆಗೆ ಗುರುತು ಸಿಕ್ಕಿಬಿಟ್ಟರೆ?

ದ್ಯಾವಯ್ಯ ಲುಂಗಿ ಎತ್ತಿ ಕಟ್ಟಿ ಕುಣಿದ ಕುಣಿತಕ್ಕೆ ಗೋಡೆಯ ಕ್ಯಾಲೆಂಡರ್ ಕಳಚಿ ಬಿತ್ತು. ಬೀದಿಯ ಜನ ಕಿಟಕಿಗೆ ಮುತ್ತಿಕೊಂಡು, “ಎಡಕ್ಕೆ ಕಣ್ಲಾ! ಮ್ಯಾಕೆ, ಮ್ಯಾಕೆ!” ಎಂದು ಕೂಗಿದರು. ಪರದೆಯ ಮೇಲೆ ತೊಂಬತ್ತಾರು ಮೂಡಿತು.

“ಜೀವಮಾನದಾಗೆ ಮೊದಲ್ನೇ ಸಲ ಫಸ್ಟ್ ಕ್ಲಾಸ್ ಬಂದ್ಬುಟ್ಟೆ ಸಾ!” ಎಂದು ದ್ಯಾವಯ್ಯ ಕಣ್ಣೊರೆಸಿಕೊಂಡ.

ಮೇಘಶ್ರೀ ಫೋನು ಹಿಡಿದುಕೊಂಡೇ ಒಳಗೆ ಬಂದರು. “ತೊಂಬತ್ತಾರಾ! ನೀವೇ ಆಡಿದ್ರಾ ಸರ್?”

“ಅವ್ರೇ ಮೇಡಂ! ನಾವೇ ಕಣ್ಣಾರ ಕಂಡೊ,” ಎಂದಿತು ಇಡೀ ಕಿಟಕಿ.

“ಮೂವತ್ತರ ಆಸುಪಾಸಿದ್ರೆ ಇನ್ನೂ ಆರು ತಿಂಗಳು ಇಲ್ಲೇ ಇರಲಿ ಅಂದ್ಕೊಂಡಿದ್ದೆ. ನಿಮಗಿನ್ನು ಇದು ಬೇಡವೇ ಬೇಡ. ದಂಡಿಗನಹಳ್ಳಿಯಲ್ಲಿ ಒಬ್ಬರು ಕಾಯ್ತಾ ಇದಾರೆ.”

ಮೇಷ್ಟ್ರು ಕಿಟಕಿಯತ್ತ ನೋಡಿದರು. ನಿಜ ಹೇಳೋಣವೆಂದರೆ ಕಿಟಕಿಯ ತುಂಬ ತಾವು ಕಿವಿ ಹಿಂಡಿದವರದೇ ಮುಖಗಳು. ಮೇಘಶ್ರೀ ಹೂವನ್ನು ಸುಬ್ಬಮ್ಮನ ಕೈಗೆ ಕೊಟ್ಟು ಪೆಟ್ಟಿಗೆಯನ್ನು ಕಾರಿಗೆ ಸಾಗಿಸಿದರು. ಕಾರು ಹೊರಟಿತು.

“ಮೇಡಂ! ನಿಲ್ಸಿ! ಅದು ನಾನಲ್ಲ!”

ಮೇಷ್ಟ್ರು ಓಡುತ್ತಿದ್ದರು. ಅಂಗಳ ದಾಟಿ, ಚರಂಡಿಯ ಕಲ್ಲು ಹಾರಿ, ರಸ್ತೆಗಿಳಿದು ಓಡುತ್ತಿದ್ದರು. ಬೀದಿಯೆಲ್ಲ ಉಸಿರು ಬಿಗಿಹಿಡಿದು ನಿಂತಿತು. ಸುಬ್ಬಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಗಳಗಳ ಅತ್ತರು.

ಕಾರು ನಿಂತಿತು. ಮೇಘಶ್ರೀಯ ಕಣ್ಣೂ ಒದ್ದೆಯಾಗಿತ್ತು.

“ನಾನು ಫೇಲು ಮೇಡಂ, ಫೇಲು!” ಎಂದರು ಮೇಷ್ಟ್ರು ಏದುಸಿರು ಬಿಡುತ್ತ.

“ಹೀಗೆ ಓಡಿ ಬಂದು ಫೇಲು ಅಂತೀರಲ್ಲ ಸರ್!” ಮೇಘಶ್ರೀ ನಗುತ್ತ ಕೈಮುಗಿದರು. ಕಾರು ತಿರುವಿನಲ್ಲಿ ಮರೆಯಾಯಿತು.

ಮೇಷ್ಟ್ರು ಮನೆಯ ಕಡೆ ತಿರುಗಿದರು. ಕಾಲು ರಸ್ತೆಗೆ ಅಂಟಿಕೊಂಡಿತ್ತು.